ಹಳೆಯ ಮನೆ: ನೀರಿನ ದಾರಿ, ಭಾರದ ದಾರಿ

ತೀರ್ಥಹಳ್ಳಿ ಕಡೆಯ ಹಳ್ಳಿಯೊಂದರಲ್ಲಿ ಹಳೆಯ ತೊಟ್ಟಿಮನೆ ಮಾರಾಟಕ್ಕೆ ಬಂದಿದೆ. ಮಣ್ಣಿನ ಗೋಡೆ, ಎರಡಡಿ ದಪ್ಪ. ಕಂಬ, ತೊಲೆಗಳೆಲ್ಲ ಹಲಸು. ಹೋದ ವರ್ಷವಷ್ಟೇ ಒಳಗೂ ಹೊರಗೂ ಸಿಮೆಂಟ್ ಪ್ಲಾಸ್ಟರ್ ಮಾಡಿಸಿ ಬಣ್ಣ ಬಳಿಸಿದ್ದಾರೆ. ಕೊಳ್ಳಬಹುದೇ? ಬೆಂಗಳೂರಿನ ಓದುಗರೊಬ್ಬರು ಕೇಳಿದ ಪ್ರಶ್ನೆ ಇದು. ಪಹಣಿ, ಋಣಭಾರ ಪತ್ರ, ಇ-ಸ್ವತ್ತು ಎಲ್ಲವನ್ನೂ ವಕೀಲರು ನೋಡಿಯಾಗಿದೆ. ಮನೆಯನ್ನು ಮಾತ್ರ ಯಾರೂ ಪರೀಕ್ಷಿಸಿಲ್ಲ.

ಮಾರುವವರು ಹೆಮ್ಮೆಯಿಂದ ಹೇಳಿಕೊಂಡ ಸಂಗತಿಗಳಲ್ಲಿ ಎರಡು ನನ್ನಲ್ಲಿ ಆತಂಕ ಹುಟ್ಟಿಸಿದವು: ಗೋಡೆಯ ದಪ್ಪ ಮತ್ತು ಹೊಸ ಪ್ಲಾಸ್ಟರ್. ಯಾಕೆಂದು ವಿವರಿಸಬೇಕಾದರೆ ನೀರು ಗೋಡೆಯೊಳಗೆ ಹೇಗೆ ನಡೆಯುತ್ತದೆ ಎಂಬುದರಿಂದಲೇ ಶುರು ಮಾಡಬೇಕು. ಹಳೆಯ ಮನೆಯ ರಚನಾ ತಪಾಸಣೆ ಎಂದರೆ ಕೊನೆಗೂ ಎರಡೇ ಪ್ರಶ್ನೆ. ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತಿದೆ? ಚಾವಣಿಯ ಭಾರ ಯಾವ ದಾರಿಯಲ್ಲಿ ನೆಲ ಮುಟ್ಟುತ್ತಿದೆ? ಇವೆರಡಕ್ಕೂ ಉತ್ತರ ಹೇಳದ ವರದಿ ಎಷ್ಟು ಪುಟ ಇದ್ದರೂ ಪ್ರಯೋಜನವಿಲ್ಲ.

ಮಣ್ಣಿನ ಹಣತೆಯ ಬತ್ತಿಯನ್ನು ನೆನಪಿಸಿಕೊಳ್ಳಿ. ಎಣ್ಣೆ ಕೆಳಗಿದೆ, ಉರಿ ಮೇಲಿದೆ, ನಡುವೆ ಯಾವ ಪಂಪೂ ಇಲ್ಲ. ಹತ್ತಿಯ ಎಳೆಗಳ ನಡುವಿನ ಕೂದಲಿಗಿಂತ ಕಿರಿದಾದ ಸಂದುಗಳಲ್ಲಿ ಎಣ್ಣೆ ತಾನಾಗಿಯೇ ಏರುತ್ತದೆ. ತುದಿಯಲ್ಲಿ ಎಷ್ಟು ಉರಿದು ಹೋಗುತ್ತದೋ ಅಷ್ಟನ್ನು ಕೆಳಗಿನಿಂದ ಎಳೆದುಕೊಳ್ಳುತ್ತದೆ. ಮಣ್ಣು, ಇಟ್ಟಿಗೆ, ಮುರಕಲ್ಲು, ಇವುಗಳಲ್ಲಿ ಯಾವುದರಿಂದ ಕಟ್ಟಿದ ಗೋಡೆಯಾದರೂ ಇಂಥದೇ ಒಂದು ಬತ್ತಿ. ಅದರ ಬುಡ ಒದ್ದೆ ನೆಲದಲ್ಲಿದೆ. ಉರಿಯ ಕೆಲಸವನ್ನು ಇಲ್ಲಿ ಗಾಳಿ ಮಾಡುತ್ತದೆ, ಗೋಡೆಯ ಮೈಯಿಂದ ನೀರನ್ನು ಆವಿಯಾಗಿಸಿ ಒಯ್ಯುತ್ತದೆ.

ಕಿರಿದಾದ ನಳಿಗೆಯಲ್ಲಿ ನೀರು ಎಷ್ಟು ಎತ್ತರ ಏರುತ್ತದೆ ಎಂಬ ನಿಯಮಕ್ಕೆ ಜೇಮ್ಸ್ ಜ್ಯೂರಿನ್ ಎಂಬ ಇಂಗ್ಲಿಷ್ ವೈದ್ಯನ ಹೆಸರಿದೆ. ಸಿಡುಬಿನ ವಿರುದ್ಧ ಚುಚ್ಚಿಸಿಕೊಂಡವರಲ್ಲಿ ಎಷ್ಟು ಮಂದಿ ಸತ್ತರು, ಚುಚ್ಚಿಸಿಕೊಳ್ಳದವರಲ್ಲಿ ಎಷ್ಟು ಮಂದಿ ಸತ್ತರು ಎಂದು ಲೆಕ್ಕ ಹಾಕಿ ವೈದ್ಯಕೀಯಕ್ಕೆ ಅಂಕಿಸಂಖ್ಯೆಯ ಶಿಸ್ತು ತಂದವರಲ್ಲಿ ಆತನೂ ಒಬ್ಬ. 1718ರಲ್ಲಿ ಆತ ತೋರಿಸಿಕೊಟ್ಟದ್ದು ಇಷ್ಟು: ನಳಿಗೆಯ ಅಗಲ ಅರ್ಧವಾದರೆ ನೀರಿನ ಎತ್ತರ ಎರಡು ಪಟ್ಟಾಗುತ್ತದೆ. ಒಂದು ಮಿಲಿಮೀಟರ್ ತ್ರಿಜ್ಯದ ನಳಿಗೆಯಲ್ಲಿ ನೀರು ಸುಮಾರು 15 ಮಿಲಿಮೀಟರ್ ಏರಿದರೆ, ಅದರ ನೂರನೇ ಒಂದು ಪಾಲಿನ ನಳಿಗೆಯಲ್ಲಿ ಒಂದೂವರೆ ಮೀಟರ್ ಏರುತ್ತದೆ. ಗೋಡೆಯ ಮಣ್ಣಿನಲ್ಲಿ ಅದಕ್ಕಿಂತಲೂ ಸಣ್ಣ ರಂಧ್ರಗಳಿವೆ. ಬರೀ ಈ ಲೆಕ್ಕ ಹಿಡಿದರೆ ನೀರು ಮಾಡನ್ನೂ ದಾಟಿ ಹೋಗಬೇಕಿತ್ತು. ಆದರೆ ಸಾಮಾನ್ಯವಾಗಿ ಮೊಣಕಾಲಿನಿಂದ ಸೊಂಟದ ಮಟ್ಟದೊಳಗೇ ನಿಲ್ಲುತ್ತದೆ. ಏಕೆ?

ಈ ಪ್ರಶ್ನೆಗೆ ಚೊಕ್ಕವಾದ ಗಣಿತದ ಉತ್ತರ ಕೊಟ್ಟವರು ಎಡಿನ್‌ಬರೋದ ಕ್ರಿಸ್ಟೋಫರ್ ಹಾಲ್ ಮತ್ತು ಮ್ಯಾಂಚೆಸ್ಟರ್‌ನ ವಿಲಿಯಂ ಹಾಫ್. 2007ರಲ್ಲಿ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಅವರ ಪ್ರಬಂಧ ಬಂತು. ಬುಡದಿಂದ ಒಳಬರುವ ನೀರು ಮತ್ತು ಮೈಯಿಂದ ಆವಿಯಾಗುವ ನೀರು ಸರಿಸಮವಾಗುವ ಕಡೆ ತೇವದ ಗೆರೆ ನಿಲ್ಲುತ್ತದೆ ಎಂಬುದು ಅವರ ವಾದ. ಅವರ ಸೂತ್ರದಿಂದ ಹೊರಡುವ ಎರಡು ಮಾತು ನಮ್ಮ ಹಳ್ಳಿಮನೆಗೆ ನೇರ ತಾಗುತ್ತವೆ. ಮೊದಲನೆಯದು, ಬೇರೆಲ್ಲ ಒಂದೇ ಆಗಿದ್ದರೆ ಗೋಡೆ ದಪ್ಪವಾದಷ್ಟೂ ತೇವ ಎತ್ತರಕ್ಕೆ ಏರುತ್ತದೆ. ದಪ್ಪ ಎರಡು ಪಟ್ಟಾದರೆ ಎತ್ತರ ಸುಮಾರು 1.4 ಪಟ್ಟು. ಎರಡಡಿ ಗೋಡೆ ಬೇಸಿಗೆಯಲ್ಲಿ ತಂಪು ಕೊಡುವುದು ನಿಜ, ಆದರೆ ತೇವದ ವಿಷಯದಲ್ಲಿ ಆ ದಪ್ಪವೇ ಎದುರಾಳಿ. ಎರಡನೆಯದು, ಆವಿಯಾಗುವ ವೇಗ ನಾಲ್ಕನೇ ಒಂದು ಪಾಲಿಗೆ ಇಳಿದರೆ ತೇವದ ಎತ್ತರ ಇಮ್ಮಡಿಯಾಗುತ್ತದೆ. ಮಣ್ಣಿನ ಗೋಡೆಗೆ ಎರಡೂ ಕಡೆ ಸಿಮೆಂಟ್ ಮೆತ್ತಿ, ಅದರ ಮೇಲೆ ಪ್ಲಾಸ್ಟಿಕ್ ಪೇಂಟ್ ಬಳಿದಾಗ ಆಗುವುದು ಇದೇ. ಗಾಳಿಯ ದಾರಿ ಮುಚ್ಚುತ್ತದೆ, ನೆಲದ ದಾರಿ ತೆರೆದೇ ಇರುತ್ತದೆ.

ಇದರಲ್ಲಿ ನನಗೆ ಅತ್ಯಂತ ಸೋಜಿಗವೆನಿಸುವುದು ಇನ್ನೊಂದು ಸಂಗತಿ. ಮಣ್ಣಿನ ಗೋಡೆಗೆ ಬಲ ಎಲ್ಲಿಂದ ಬರುತ್ತದೆ? ಒಣಗಿದ ಗೋಡೆಯಲ್ಲೂ ಮಣ್ಣಿನ ಕಣಗಳ ನಡುವೆ ತೀರಾ ತೆಳುವಾದ ನೀರಿನ ಪದರ ಉಳಿದಿರುತ್ತದೆ. ಆ ಪದರದ ಬಾಗಿದ ಅಂಚುಗಳು ಕಣಗಳನ್ನು ಒಂದರ ಕಡೆಗೆ ಇನ್ನೊಂದನ್ನು ಜಗ್ಗಿ ಹಿಡಿಯುತ್ತವೆ. ನೀರನ್ನು ಮೇಲೆ ಎಳೆಯುವ ಬಲವೂ ಗೋಡೆಯನ್ನು ನಿಲ್ಲಿಸುವ ಬಲವೂ ಒಂದೇ. ರಂಧ್ರಗಳು ನೀರಿನಿಂದ ತುಂಬಿಹೋದರೆ ಆ ಬಾಗಿದ ಅಂಚುಗಳೇ ಇಲ್ಲವಾಗುತ್ತವೆ, ಹಿಡಿತ ಸಡಿಲುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿಯವರು ಆರಂಭಿಸಿದ ‘ಅಸ್ತ್ರ’ ಕೇಂದ್ರದಲ್ಲಿ ಕೆ.ಎಸ್. ಜಗದೀಶ್ ಮೊದಲಾದವರು ಮಣ್ಣಿನ ಇಟ್ಟಿಗೆಗಳ ಮೇಲೆ ದಶಕಗಳ ಕಾಲ ಕೆಲಸ ಮಾಡಿದರು. ಅಂಥ ಇಟ್ಟಿಗೆಯ ಬಲವನ್ನು ನೀರಿನಲ್ಲಿ ನೆನೆಸಿದ ಮೇಲೆಯೇ ಅಳೆಯುವುದು ರೂಢಿ. ಒಣಗಿದಾಗ ಸಿಗುವ ಅಂಕಿಯನ್ನು ನಂಬಿ ಮನೆ ಕಟ್ಟುವಂತಿಲ್ಲ. ಹಳೆಯ ಗೋಡೆಯನ್ನು ಕೊಳ್ಳುವವರೂ ಹಾಗೆಯೇ ಯೋಚಿಸಬೇಕು. ಸಿಮೆಂಟ್ ಕವಚದ ಹಿಂದೆ ಗೋಡೆಯ ಬುಡ ಮೆತ್ತಗಾಗಿದ್ದರೂ ಹೊರಗಿನಿಂದ ಕಾಣುವುದಿಲ್ಲ.

ಆದ್ದರಿಂದ ತಪಾಸಣೆಯಲ್ಲಿ ಮೊದಲು ಆಗಬೇಕಾದ ಕೆಲಸ, ಮಾಲೀಕರ ಒಪ್ಪಿಗೆ ಪಡೆದು ಎರಡು ಮೂರು ಕಡೆ ಅಂಗೈಯಗಲದ ಪ್ಲಾಸ್ಟರ್ ತೆಗೆಸಿ ನೋಡುವುದು. ಬಚ್ಚಲ ಹಿಂದಿನ ಗೋಡೆ, ಮಾಡಿನ ನೀರು ಬಂದು ಬೀಳುವ ಕಡೆಯ ಗೋಡೆ, ಅಂಗಳದ ಮಟ್ಟ ಏರಿ ಪಂಚಾಂಗವನ್ನೇ ಮುಚ್ಚಿರುವ ಕಡೆ. ಕಡೆಯದನ್ನು ಬಹಳ ಮಂದಿ ಗಮನಿಸುವುದಿಲ್ಲ. ಕಾಂಕ್ರೀಟ್ ರಸ್ತೆ ಆದಾಗಲೆಲ್ಲ ಹೊರಗಿನ ನೆಲ ಅರ್ಧರ್ಧ ಅಡಿ ಏರುತ್ತದೆ, ಕಲ್ಲಿನ ಪಂಚಾಂಗ ಹೂತುಹೋಗುತ್ತದೆ, ಮಣ್ಣಿನ ಗೋಡೆ ನೇರ ಒದ್ದೆ ನೆಲಕ್ಕೆ ತಾಗುತ್ತದೆ. ಪ್ಲಾಸ್ಟರ್ ತೆಗೆಸಲು ಬಿಲ್ಕುಲ್ ಒಪ್ಪದ ಮಾಲೀಕರಿದ್ದರೆ ಅದನ್ನೂ ಒಂದು ಉತ್ತರವೆಂದೇ ತಿಳಿಯಿರಿ.

ಈಗೀಗ ಉಪಕರಣಗಳ ಪೆಟ್ಟಿಗೆ ಹಿಡಿದು ಬರುವ ತಪಾಸಣೆಗಾರರಿದ್ದಾರೆ. ಉಪಕರಣಗಳ ಬಗ್ಗೆ ನನಗೆ ವಿರೋಧವಿಲ್ಲ, ಆದರೆ ಯಾವುದನ್ನು ಯಾವುದಕ್ಕೆ ಮಾಡಿದ್ದಾರೆ ಎಂದು ಕೇಳಲೇಬೇಕು. ರಿಬೌಂಡ್ ಹ್ಯಾಮರ್ ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಅರ್ನ್‌ಸ್ಟ್ ಶ್ಮಿಟ್ ಕಾಂಕ್ರೀಟಿಗಾಗಿ ರೂಪಿಸಿದ ಸಾಧನ. ಮಣ್ಣಿನ ಗೋಡೆಯ ಮೇಲೆ ಅದರಿಂದ ಹೊಡೆದರೆ ಸಿಗುವ ಅಂಕಿ ಹೆಚ್ಚೆಂದರೆ ಮೇಲಿನ ಸಿಮೆಂಟ್ ಪದರದ್ದು. ಎರಡು ಮೊಳೆ ಚುಚ್ಚಿ ತೇವ ಅಳೆಯುವ ಮೀಟರ್ ನಿಜಕ್ಕೂ ಅಳೆಯುವುದು ವಿದ್ಯುತ್ ರೋಧವನ್ನು. ಗೋಡೆಯಲ್ಲಿ ಉಪ್ಪು ಸೇರಿದ್ದರೆ ಒಣಗಿದ ಗೋಡೆಯನ್ನೂ ಅದು ಒದ್ದೆ ಎನ್ನುತ್ತದೆ. ನಂಬಬಹುದಾದ ವಿಧಾನ ಹಳೆಯದು: ಗೋಡೆಯ ಒಳಗಿನಿಂದ ಹಿಡಿ ಮಣ್ಣು ತೆಗೆದು, ತೂಗಿ, ಒಲೆಯಲ್ಲಿ ಒಣಗಿಸಿ, ಮತ್ತೆ ತೂಗುವುದು. ಇನ್ನು ಶಾಖದ ಚಿತ್ರ ತೆಗೆಯುವ ಕ್ಯಾಮರಾ. ಒದ್ದೆ ಜಾಗದಲ್ಲಿ ನೀರು ಆವಿಯಾಗುತ್ತಾ ಮೈ ತಂಪಾಗುವುದರಿಂದ ಅದು ಬೇರೆ ಬಣ್ಣದಲ್ಲಿ ಕಾಣುತ್ತದೆ. ಆದರೆ ಜುಲೈ ತಿಂಗಳ ಮಲೆನಾಡಿನಲ್ಲಿ ಗಾಳಿಯೇ ನೀರು ತುಂಬಿಕೊಂಡಿರುವಾಗ ಆವಿಯಾಗುವುದು ಬಹುತೇಕ ನಿಂತಿರುತ್ತದೆ, ಚಿತ್ರದಲ್ಲಿ ಇಡೀ ಗೋಡೆ ಒಂದೇ ಬಣ್ಣ. ಅದನ್ನು ತೋರಿಸಿ ‘ಗೋಡೆಯಲ್ಲಿ ತೇವವಿಲ್ಲ’ ಎಂದರೆ ಒಪ್ಪಬೇಡಿ.

ಮರದ ವಿಷಯಕ್ಕೆ ಬಂದರೆ ಒಂದು ದಬ್ಬಳ, ಒಂದು ಸಣ್ಣ ಸುತ್ತಿಗೆ, ಒಂದು ಟಾರ್ಚು, ಜೊತೆಗೆ ಹಳೆಯ ಮನೆ ಬಿಚ್ಚಿ ಕಟ್ಟಿ ಅನುಭವವಿರುವ ಬಡಗಿ. ಮರದ ತೂಕದಲ್ಲಿ ಸುಮಾರು ಶೇ 20ಕ್ಕಿಂತ ಹೆಚ್ಚು ನೀರಿದ್ದರೆ ಕೊಳೆಸುವ ಶಿಲೀಂಧ್ರಕ್ಕೆ ಅನುಕೂಲ. ಮಳೆಗಾಲದಲ್ಲಿ ಗಾಳಿಯ ಆರ್ದ್ರತೆ ಶೇ 90 ಮುಟ್ಟಿದಾಗ, ಎಲ್ಲೂ ಸೋರದೆ ಇದ್ದರೂ ಮರ ಆ ಗೆರೆಯ ಹತ್ತಿರವೇ ಇರುತ್ತದೆ. ಮೇಲಿಂದ ಒಂದು ಹೆಂಚು ಒಡೆದಿದ್ದರೆ ಸಾಕು. ತೊಲೆಯ ನಡುಭಾಗ ಗಟ್ಟಿಯಿದೆ ಎಂದು ಸಮಾಧಾನಪಡುವಂತಿಲ್ಲ. ಗೋಡೆಯೊಳಗೆ ಹೂತಿರುವ ತುದಿಯನ್ನು ನೋಡಬೇಕು, ಗಾಳಿಯಾಡದ ಕಡೆ ಮೊದಲು ಕೊಳೆಯುತ್ತದೆ, ಇಡೀ ಭಾರ ಕುಳಿತಿರುವುದೂ ಅಲ್ಲೇ. ದಬ್ಬಳ ಒತ್ತಿದರೆ ಗಟ್ಟಿ ಮರ ತಡೆಯುತ್ತದೆ, ಕೊಳೆತದ್ದು ಹಿಡಿಯವರೆಗೂ ಬಿಟ್ಟುಕೊಡುತ್ತದೆ. ಹಲಸಿನ ಚೇಗು ಹುಳುವಿಗೆ ಜಗ್ಗದು, ಆದರೆ ಅದರ ಹೊರಗಿನ ಬಿಳಿ ಭಾಗಕ್ಕೆ ಆ ಶಕ್ತಿಯಿಲ್ಲ. ಮುಚ್ಚಿಗೆಯ ಮೇಲೆ ಹತ್ತಿ ಪಕ್ಕಾಸು, ರೀಪುಗಳನ್ನು ಒಂದೊಂದಾಗಿ ತಟ್ಟಿ ನೋಡುವುದಕ್ಕೆ ಅರ್ಧ ದಿನ ಬೇಕು. ಆ ಅರ್ಧ ದಿನ ಕೊಡದ ತಪಾಸಣೆ ತಪಾಸಣೆಯೇ ಅಲ್ಲ.

ಗೆದ್ದಲು ಬೆಳಕಿಗೆ ಬರುವುದಿಲ್ಲ, ಹಾಗಾಗಿ ಮರದ ಹೊರಮೈಯನ್ನು ಕಾಗದದಷ್ಟು ತೆಳ್ಳಗೆ ಉಳಿಸಿ ಒಳಗನ್ನು ತಿನ್ನುತ್ತದೆ. ಬಣ್ಣ ಬಳಿದ ಕಂಬದಲ್ಲಿ ಇದು ಕಣ್ಣಿಗೆ ಬೀಳುವುದೇ ಇಲ್ಲ, ತಟ್ಟಿದಾಗ ಬರುವ ಪೊಳ್ಳು ದನಿಯಿಂದಲೇ ಗೊತ್ತಾಗಬೇಕು. ನಮ್ಮ ಕಡೆ ಹೆಚ್ಚು ಕಾಣುವ ಒಡೊಂಟೊಟರ್ಮಿಸ್ ಜಾತಿಯ ಗೆದ್ದಲುಗಳು ಗೂಡಿನೊಳಗೆ ಶಿಲೀಂಧ್ರದ ಬೇಸಾಯ ಮಾಡುತ್ತವೆ. ಮೊದಲ ಮಳೆಗಳಿಗೆ ಹುತ್ತದ ಮೇಲೆ ಏಳುವ, ಮಲೆನಾಡಿನವರು ಆಸೆಪಟ್ಟು ಪಲ್ಯ ಮಾಡುವ ಅಣಬೆ ಆ ಬೇಸಾಯದ್ದೇ ಬೆಳೆ. ‘ಪ್ರತಿವರ್ಷ ಹಿತ್ತಿಲಲ್ಲೇ ಅಣಬೆ ಏಳುತ್ತದೆ’ ಎಂದು ಮನೆಯವರು ಸಂತೋಷದಿಂದ ಹೇಳಿದರೆ, ನೆಲದಡಿ ದೊಡ್ಡ ಗೂಡಿದೆ ಎಂದು ಗುರುತು ಹಾಕಿಕೊಳ್ಳಿ.

ಒಂದು ಚಿಕ್ಕ ಎಚ್ಚರಿಕೆ: ಹೆಂಚಿನ ಮೇಲೆ 1865 ಎಂದು ಕಂಡರೆ ಮನೆಗೆ ಅಷ್ಟು ವಯಸ್ಸು ಎಂದುಕೊಳ್ಳಬಾರದು. ಅದು ಮಂಗಳೂರಿನಲ್ಲಿ ಬಾಸೆಲ್ ಮಿಶನ್ ಹೆಂಚಿನ ಕಾರ್ಖಾನೆ ಆರಂಭವಾದ ವರ್ಷ, ಹೆಂಚು ಸುಟ್ಟ ವರ್ಷವಲ್ಲ.

ಭಾರದ ದಾರಿ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ದಕ್ಷಿಣ ಭಾರತದ ನೆರೆಯಲ್ಲೇ ಕ್ರೂರವಾದ ಪಾಠವಿದೆ. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ಲಾತೂರ್ ಜಿಲ್ಲೆಯ ಕಿಲ್ಲಾರಿ ಸುತ್ತ ಭೂಮಿ ಕಂಪಿಸಿತು. ತೀವ್ರತೆ ಸುಮಾರು 6.2, ಸತ್ತವರು ಹತ್ತು ಸಾವಿರದ ಹತ್ತಿರ. ಅಷ್ಟು ಜನ ಸತ್ತದ್ದಕ್ಕೆ ಮುಖ್ಯ ಕಾರಣ ಮನೆಗಳು. ನೋಡಲು ಕೋಟೆಯಂಥ ಕಲ್ಲಿನ ಗೋಡೆಗಳು, ಎರಡು ಅಡಿಗೂ ಮಿಕ್ಕ ದಪ್ಪ. ಆದರೆ ಒಳಗೆ ಅದು ಒಂದು ಗೋಡೆಯಾಗಿರಲಿಲ್ಲ. ಒಳಮುಖಕ್ಕೊಂದು, ಹೊರಮುಖಕ್ಕೊಂದು ಕಲ್ಲಿನ ಸಾಲು, ನಡುವೆ ಮಣ್ಣು ಮತ್ತು ಚೂರುಕಲ್ಲು. ಎರಡೂ ಸಾಲನ್ನು ಅಡ್ಡಲಾಗಿ ಹೊಲಿಯುವ ಉದ್ದ ಕಲ್ಲುಗಳನ್ನು ಇಟ್ಟಿರಲಿಲ್ಲ. ನೆಲ ಅಲುಗಿದಾಗ ಎರಡು ಸಾಲೂ ಒಂದೊಂದು ಕಡೆಗೆ ಬಾಗಿ ಬಿದ್ದವು, ಮೇಲಿನ ಮಣ್ಣಿನ ಮಾಳಿಗೆ ನೇರ ಕೆಳಗಿಳಿಯಿತು. ಮಾಳಿಗೆಯ ಮಣ್ಣು ಒಂದಡಿ ದಪ್ಪವಿದ್ದರೆ ಹತ್ತಡಿ ಚೌಕದ ಕೋಣೆಯ ಮೇಲೆ ಸುಮಾರು ನಾಲ್ಕೂವರೆ ಟನ್ ಭಾರವಾಯಿತು. ಮಳೆಗಾಲಕ್ಕೆ ಮುನ್ನ ಸೋರದಿರಲೆಂದು ಹೊಸ ಮಣ್ಣು ಹಾಕುತ್ತಾ ಹೋದಂತೆ ಅದು ಇನ್ನೂ ಬೆಳೆಯುತ್ತದೆ.

ಇಂಥದೇ ಮನೆಗಳು ಬೀದರ್, ಕಲಬುರಗಿ, ವಿಜಯಪುರಗಳ ಹಳ್ಳಿಗಳಲ್ಲಿ ಇಂದಿಗೂ ಇವೆ. 2021ರ ಅಕ್ಟೋಬರ್‌ನಲ್ಲಿ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವಾರದ ಸುತ್ತ ಭೂಮಿ ಮತ್ತೆ ಮತ್ತೆ ನಡುಗಿದಾಗ ಜನ ಮನೆಯೊಳಗೆ ಮಲಗಲು ಹೆದರಿದ್ದು ಸುಮ್ಮನೆ ಅಲ್ಲ. ಆ ಸೀಮೆಯಲ್ಲಿ ಹಳೆಯ ಮನೆ ಕೊಳ್ಳುವವರು ಮೂರು ವಿಷಯ ಕೇಳಿ ತಿಳಿಯಬೇಕು. ಮಾಳಿಗೆಯ ಮಣ್ಣು ಎಷ್ಟು ದಪ್ಪ, ಗೋಡೆಯಲ್ಲಿ ಆಚೆಯಿಂದ ಈಚೆಗೆ ಹಾದುಹೋಗುವ ಕಲ್ಲುಗಳಿವೆಯೇ, ಮಾಳಿಗೆ ಕೂತಿರುವುದು ಗೋಡೆಯ ಮೇಲೋ ಅಥವಾ ಅಂಕಣದ ಕಂಬಗಳ ಮೇಲೋ. ತೂಗುಗುಂಡು ಬಿಟ್ಟು ನೋಡಿದಾಗ ಗೋಡೆಯ ಹೊಟ್ಟೆ ಉಬ್ಬಿದ್ದರೆ ಎರಡು ಸಾಲುಗಳು ಈಗಾಗಲೇ ಬೇರೆಯಾಗುತ್ತಿವೆ ಎಂದರ್ಥ. ಇದಕ್ಕೆ ಪರಿಹಾರವಿಲ್ಲವೆಂದಲ್ಲ. ಗೋಡೆಯಲ್ಲಿ ಅಲ್ಲಲ್ಲಿ ಕಲ್ಲು ಬಿಡಿಸಿ, ಕಬ್ಬಿಣದ ಕೊಂಡಿಯಿಟ್ಟು ಕಾಂಕ್ರೀಟ್ ತುಂಬಿ ಎರಡೂ ಸಾಲನ್ನು ಹೊಲಿಯುವ ವಿಧಾನ ಕಿಲ್ಲಾರಿಯ ನಂತರ ಬಳಕೆಗೆ ಬಂದಿದೆ, ಭಾರತೀಯ ಮಾನಕ ಬ್ಯೂರೋ ಇಂಥ ಕಟ್ಟಡಗಳಿಗೆಂದೇ ಮಾರ್ಗಸೂಚಿಗಳನ್ನು ಹೊರಡಿಸಿದೆ. ಅದರ ಖರ್ಚನ್ನು ಮನೆಯ ಬೆಲೆಯ ಜೊತೆಗೇ ಲೆಕ್ಕ ಹಾಕಬೇಕು, ಅಷ್ಟೇ.

ಬಿರುಕುಗಳ ಬಗ್ಗೆ ಎಲ್ಲರೂ ಕೇಳುತ್ತಾರೆ. ಬಿರುಕಿನ ಅಗಲಕ್ಕಿಂತ ಅದು ಇನ್ನೂ ಬೆಳೆಯುತ್ತಿದೆಯೇ ಎಂಬುದು ಮುಖ್ಯ. ಅಡ್ಡಲಾಗಿ ಒಂದು ಗಾಜಿನ ಪಟ್ಟಿ ಅಂಟಿಸಿ ದಿನಾಂಕ ಬರೆದಿಟ್ಟರೆ, ಗೋಡೆ ಸರಿದಾಗ ಗಾಜು ಒಡೆಯುತ್ತದೆ. ಆದರೆ ಬಿರುಕು ಹೇಗೆ ಕಾಣುತ್ತದೆ ಎಂಬುದು ಯಾವ ಕಾಲದಲ್ಲಿ ನೋಡುತ್ತೀರಿ ಎಂಬುದರ ಮೇಲೂ ನಿಂತಿದೆ. ಎರೆಮಣ್ಣಿನ ಸೀಮೆಯಲ್ಲಿ ಬೇಸಿಗೆಗೆ ನೆಲ ಕುಗ್ಗಿ ಬಿರುಕು ಬಾಯಿಬಿಡುತ್ತದೆ, ಮಳೆಗೆ ನೆಲ ಉಬ್ಬಿ ಅದೇ ಬಿರುಕು ಮುಚ್ಚಿಕೊಳ್ಳುತ್ತದೆ. ಧಾರವಾಡದಾಚೆಯ ಮನೆಯನ್ನು ಏಪ್ರಿಲ್, ಮೇನಲ್ಲಿ ನೋಡಿ. ಮಲೆನಾಡಿನ, ಕರಾವಳಿಯ ಮನೆಯನ್ನು ಮಳೆ ಸುರಿಯುವಾಗಲೇ ನೋಡಿ, ಕೊಡೆ ಹಿಡಿದು ಮನೆಯ ಸುತ್ತ ಒಂದು ಸುತ್ತು ಬನ್ನಿ, ಅಟ್ಟ ಹತ್ತಿ ನಿಂತು ಮೇಲೆ ನೋಡಿ. ಮಾರುವವರು ಸಾಮಾನ್ಯವಾಗಿ ಜನವರಿಯ ಬಿಸಿಲಲ್ಲಿ ತೋರಿಸಲು ಇಷ್ಟಪಡುತ್ತಾರೆ.

ಇಂಗ್ಲೆಂಡಿನಲ್ಲಿ ಹಳೆಯ ಮನೆ ಕೊಳ್ಳುವವರು ಪರಿಣತ ಸರ್ವೇಯರ್ ಒಬ್ಬರಿಂದ ವಿವರವಾದ ವರದಿ ಪಡೆಯುವುದು ರೂಢಿ. ನಮ್ಮಲ್ಲಿ ಬ್ಯಾಂಕಿನವರು ಕಳಿಸುವ ವ್ಯಾಲ್ಯುವರ್ ಬಂದು ಹೋದರೆ ಪರೀಕ್ಷೆ ಮುಗಿಯಿತು ಎಂಬ ಭಾವನೆಯಿದೆ. ಅವರು ನೋಡುವುದು ಸಾಲಕ್ಕೆ ತಕ್ಕ ಬೆಲೆ ಬರುತ್ತದೆಯೇ ಎಂಬುದನ್ನು, ತೊಲೆಯ ತುದಿಯನ್ನಲ್ಲ. ಮಣ್ಣು, ಸುಣ್ಣದ ಕಟ್ಟಡಗಳಲ್ಲಿ ಕೆಲಸ ಮಾಡಿದ ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರನ್ನು ಹುಡುಕಿ, ಮುಂಗಡ ಕೊಡುವ ಮೊದಲೇ ಕರೆದೊಯ್ಯಿರಿ.

ತೀರ್ಥಹಳ್ಳಿಯ ಆ ಮನೆಯ ಬಗ್ಗೆ ಕೇಳಿದ ಓದುಗರಿಗೆ ನಾನು ಬೇಡ ಎನ್ನಲಿಲ್ಲ. ಬುಡದ ಮಣ್ಣು ಇನ್ನೂ ಗಟ್ಟಿಯಿದ್ದರೆ ಆ ಮನೆ ಉಳಿಯುವಂಥದ್ದೇ: ಸಿಮೆಂಟ್ ಕೆತ್ತಿ ತೆಗೆದು, ಅಂಗಳದ ಮಟ್ಟ ಇಳಿಸಿ, ಚರಂಡಿ ಮಾಡಿ, ಸುಣ್ಣದ ಗಾರೆ ಬಳಿದು ಗಾಳಿಯಾಡಲು ಬಿಡಬೇಕು. ಒದ್ದೆ ಗೋಡೆ ಒಣಗಲು ಪ್ರತಿ ಅಂಗುಲ ದಪ್ಪಕ್ಕೆ ಒಂದು ತಿಂಗಳು ಎಂಬುದು ಕಟ್ಟಡದವರ ಸ್ಥೂಲ ಲೆಕ್ಕ. ಎರಡಡಿ ಗೋಡೆಗೆ ಹಾಗಾದರೆ ಸುಮಾರು ಎರಡು ವರ್ಷ, ನಡುವೆ ಮಲೆನಾಡಿನ ಎರಡು ಮಳೆಗಾಲ ಬರುವುದರಿಂದ ಇನ್ನೂ ಕೊಂಚ ಹೆಚ್ಚೇ. ಅಷ್ಟು ಕಾಲ ಒಳಗೆ ಬಣ್ಣ, ಟೈಲ್ಸ್, ವಾರ್ಡ್‌ರೋಬ್ ಯಾವುದನ್ನೂ ಗೋಡೆಗೆ ತಾಗಿಸದೆ ಕಾಯಲು ಮನೆಯವರೆಲ್ಲ ಒಪ್ಪುತ್ತಾರೆಯೇ ಎಂದು ಕೇಳಿಕೊಂಡು, ಆ ಎರಡು ವರ್ಷದ ಖರ್ಚನ್ನು ಬೆಲೆಯಲ್ಲಿ ಇಳಿಸಿ ಮಾತಾಡಿ ಎಂದು ಹೇಳಿದ್ದೇನೆ.