ಗಡಿನಾಡಿನ ಮಾತಿಗೆ ಆಧಾರ ಕೊಡುವ ಕ್ರಮ

ಮೂಲವಿಲ್ಲದ್ದನ್ನು ಬರೆಯುವುದಿಲ್ಲವೆಂದು ಮಲ್ಲಿನಾಥ ಸೂರಿಯು ವ್ಯಾಖ್ಯಾನದ ಆರಂಭದಲ್ಲೇ ಹೇಳಿಕೊಂಡಿದ್ದಾನೆ. ಅದನ್ನು ಮಕ್ಕಳಿಗೆ ಪಾಠ ಹೇಳಿದ ನಾನೇ ಒಮ್ಮೆ ತಪ್ಪಿದೆ. ಶಬ್ದಮಣಿದರ್ಪಣದ ಒಂದು ಸೂತ್ರಸಂಖ್ಯೆಯನ್ನು ಬೇರೆಯವರ ಪ್ರಬಂಧದಿಂದ ಎತ್ತಿ ಬರೆದೆ. ಆಮೇಲೆ ನನ್ನಲ್ಲಿದ್ದ ಪುಸ್ತಕ ತೆರೆದರೆ ಆ ಸಂಖ್ಯೆಯಲ್ಲಿ ಬೇರೆಯೇ ಸೂತ್ರ! ಅವರು ನೋಡಿದ ಮುದ್ರಣ ಬೇರೆ, ನನ್ನದು ಬೇರೆ. ಅಂದಿನಿಂದ ಸಂಪಾದಕರ ಹೆಸರು, ಸ್ಥಳ, ವರ್ಷ (ಉದಾ: ಕಿಟ್ಟೆಲ್, ಮಂಗಳೂರು, 1872) ಇಲ್ಲದೆ ಸಂಖ್ಯೆ ಬರೆದವನಲ್ಲ.

ಅಚ್ಚಾದ ಪುಸ್ತಕದ ಪಾಡೇ ಹೀಗಾದರೆ ಬಾಯಿಮಾತಿಗೆ ಎಂತ ಗತಿ? 'ಕಾಸರಗೋಡು ಕನ್ನಡ' ಎಂದಷ್ಟೇ ಬರೆದುಬಿಡುತ್ತೇವೆ. 1956ರಲ್ಲಿ ಕೇರಳಕ್ಕೆ ಸೇರುವವರೆಗೆ ಕಾಸರಗೋಡು ದಕ್ಷಿಣ ಕನ್ನಡದ ತಾಲೂಕು. 1984ರಿಂದ ತಾನೇ ಒಂದು ಜಿಲ್ಲೆ. ಆದೋನಿ, ರಾಯದುರ್ಗಗಳು 1953ರಲ್ಲಿ ಬಳ್ಳಾರಿ ಜಿಲ್ಲೆ ಬಿಟ್ಟು ಆಂಧ್ರಕ್ಕೆ ಹೋದವು. ವರ್ಷ, ತಾಲೂಕು ಕೊಡದೆ 'ಬಳ್ಳಾರಿ ಜಿಲ್ಲೆಯ ಮಾತು' ಎಂದರೆ ಗಡಿಯ ಯಾವ ಕಡೆಯದೆಂದು ಓದುವವರು ತಿಳಿಯುವುದು ಹೇಗೆ?

ಆದ್ದರಿಂದ ಪ್ರಬಂಧ ಕಳಿಸುವ ಮೊದಲು ಪ್ರತಿಯೊಂದು ಉಲ್ಲೇಖವನ್ನೂ ಮೂಲದೊಡನೆ ತಾಳೆ ನೋಡಬೇಕು. ಮೂಲ ಸಿಗದಿದ್ದರೆ ಯಾರ ಬರೆಹದಿಂದ ಎತ್ತಿದ್ದೆಂದು ಒಪ್ಪಿಕೊಳ್ಳಬೇಕು. ಕೇಳಿ ಬರೆದ ಮಾತಿಗೆ ಊರು, ತಾಲೂಕು, ಹೇಳಿದವರ ಮನೆಮಾತು, ವಯಸ್ಸು, ಕೇಳಿದ ವರ್ಷ ಇಷ್ಟಾದರೂ ಬೇಕು. ಮಾತನ್ನು ನಮ್ಮ ವ್ಯಾಕರಣಕ್ಕೆ ತಿದ್ದಬಾರದು.

ಪುಸ್ತಕವನ್ನಾದರೆ ಇನ್ನೊಮ್ಮೆ ತೆರೆಯಬಹುದು. ಹೇಳಿದ ಅಜ್ಜಿ ತೀರಿಹೋದ ಮೇಲೆ ಆ ಮಾತಿಗೆ ನಾವು ಬರೆದಿಟ್ಟ ಗುರುತೇ ಸಾಕ್ಷಿ.