ಗೋಧಿ ಒಗ್ಗದ ಕರುಳು ಮತ್ತು ರಕ್ತಪರೀಕ್ಷೆ

ಊರು ಬಿಟ್ಟು ಮುಂಬಯಿಯಲ್ಲಿ ನೆಲೆಸಿದ ಕನ್ನಡಿಗರ ಮನೆಗಳಲ್ಲಿ ಕುಚ್ಚಲಕ್ಕಿ ಗಂಜಿಯ, ಜೋಳದ ರೊಟ್ಟಿಯ ಸ್ಥಾನವನ್ನು ಚಪಾತಿಯೂ ಪಾವೂ ಬಹುಮಟ್ಟಿಗೆ ಆಕ್ರಮಿಸಿವೆ. ಡೊಂಬಿವಲಿಯಿಂದ ಲೋಕಲ್ ಹಿಡಿಯುವವರ ಡಬ್ಬಿಯಲ್ಲಿ ಚಪಾತಿ. ಮಗುವಿನ ಶಾಲೆಯ ಡಬ್ಬಿಯಲ್ಲೂ ಅದೇ. ಬಹುಮಂದಿಗೆ ಇದರಿಂದ ಬಾಧೆಯಿಲ್ಲ. ಆದರೆ ಕೆಲವರಲ್ಲಿ ಗೋಧಿಯ ಗ್ಲುಟೆನ್ ಎಂಬ ಪ್ರೋಟೀನು ಒಳಹೊಕ್ಕೊಡನೆ ರೋಗನಿರೋಧಕ ಶಕ್ತಿಯು ದಾರಿತಪ್ಪಿ ಸ್ವಂತ ಕರುಳಿನ ಮೇಲೆಯೇ ಎರಗುತ್ತದೆ. ಆಹಾರಸಾರವನ್ನು ಹೀರಬೇಕಾದ ಸಣ್ಣ ಕರುಳಿನ ಬೆರಳಿನಂಥ ಸೂಕ್ಷ್ಮ ಎಳೆಗಳು ಸವೆದು ಚಪ್ಪಟೆಯಾಗುತ್ತವೆ. ಇದೇ ಸೀಲಿಯಾಕ್ ರೋಗ. ಭೇದಿ, ಹೊಟ್ಟೆಯುಬ್ಬರ ಇರಲೇಬೇಕೆಂದಿಲ್ಲ. ಟಾನಿಕ್ಕಿಗೆ ಬಗ್ಗದ ರಕ್ತಹೀನತೆ, ವಯಸ್ಸಿಗೆ ತಕ್ಕಂತೆ ಏರದ ಎತ್ತರ, ಇಷ್ಟೇ ಕುರುಹಾಗಿ ವರ್ಷಗಳು ಕಳೆಯುವುದುಂಟು.

ದಕ್ಷಿಣದವರಿಗೆ ಈ ರೋಗ ಬಾರದೆಂಬ ನಂಬಿಕೆ ಅರ್ಧ ಸತ್ಯ ಮಾತ್ರ. 2016ರಲ್ಲಿ ಪ್ರಕಟವಾದ ಸಮೀಕ್ಷೆಯೊಂದರಲ್ಲಿ ಉತ್ತರ ಭಾರತದಲ್ಲಿ ನೂರಕ್ಕೆ 1.23 ಮಂದಿಯಲ್ಲಿಯೂ, ದಕ್ಷಿಣದಲ್ಲಿ 0.10 ಮಂದಿಯಲ್ಲಿಯೂ ಈ ರೋಗದ ಪ್ರತಿಕಾಯಗಳು ರಕ್ತದಲ್ಲಿ ಕಂಡುಬಂದವು. ಆದರೆ ರೋಗಕ್ಕೆ ಎಡೆಗೊಡುವ ಆನುವಂಶಿಕ ಗುಣ ಎರಡೂ ಕಡೆ ಹೆಚ್ಚುಕಡಿಮೆ ಸಮನಾಗಿತ್ತು. ದೊಡ್ಡ ಅಂತರವಿದ್ದುದು ಗೋಧಿಯ ಬಳಕೆಯಲ್ಲಿ. ಮುಂಬಯಿಯ ಕನ್ನಡಿಗರು ಯೋಚಿಸಬೇಕಾದ ಮಾತಿದು.

ಗೋಧಿಗೂ ಈ ರೋಗಕ್ಕೂ ಇರುವ ನಂಟನ್ನು ಹಾಲೆಂಡಿನ ಮಕ್ಕಳ ವೈದ್ಯ ಡಿಕೆ ಎಂಬವರು 1950ರ ತಮ್ಮ ಪ್ರಬಂಧದಲ್ಲಿ ಪ್ರತಿಪಾದಿಸಿದರು. ರೋಗಿಗಳ ಪ್ರತಿಕಾಯಗಳು ಟಿಶ್ಯೂ ಟ್ರಾನ್ಸ್‌ಗ್ಲುಟಮಿನೇಸ್ ಎಂಬ ಕಿಣ್ವವನ್ನು ಗುರಿಯಾಗಿಸುತ್ತವೆಂದು ಜರ್ಮನಿಯ ಸಂಶೋಧಕರು ಗುರುತಿಸಿದ್ದು 1997ರಲ್ಲಿ. ಇಂದಿನ ಟಿಟಿಜಿ-ಐಜಿಎ ರಕ್ತಪರೀಕ್ಷೆಗೆ ಅದೇ ಬುನಾದಿ. ತುಸು ರಕ್ತ ಸಾಕು. ಜೊತೆಯಲ್ಲಿ ಒಟ್ಟು ಐಜಿಎಯನ್ನೂ ಅಳೆಯಿಸುವುದು ಯುಕ್ತ; ಏಕೆಂದರೆ ಕೆಲವರ ರಕ್ತದಲ್ಲಿ ಐಜಿಎ ಜಾತಿಯ ಪ್ರತಿಕಾಯಗಳೇ ತೀರ ಕಡಿಮೆ. ಅಂಥವರಲ್ಲಿ ರೋಗವಿದ್ದೂ ವರದಿ ‘ನೆಗೆಟಿವ್’ ಎಂದು ಬಂದೀತು. ಅವರಿಗೆ ಐಜಿಜಿ ಜಾತಿಯ ಪರೀಕ್ಷೆ ಬೇಕು. ಪ್ರತಿಕಾಯಗಳು ಕಂಡುಬಂದರೆ ಸಾಮಾನ್ಯವಾಗಿ ಎಂಡೊಸ್ಕೋಪಿ ಮಾಡಿ, ಕರುಳಿನ ಚೂರುಗಳನ್ನು ತೆಗೆದು ಪರೀಕ್ಷಿಸಿ ರೋಗವನ್ನು ಖಚಿತಪಡಿಸುತ್ತಾರೆ.

ಇಲ್ಲಿ ಸಜ್ಜನರೇ ಎಸಗುವ ಪ್ರಮಾದವೊಂದುಂಟು. ನೆರೆಮನೆಯವರ ಸಲಹೆಯಂತೆ ಮೊದಲು ಮಗುವಿಗೆ ಗೋಧಿ ಬಿಡಿಸಿ, ತಿಂಗಳುಗಳ ಅನಂತರ ಪರೀಕ್ಷೆಗೆ ಕರೆದೊಯ್ಯುತ್ತಾರೆ. ಗ್ಲುಟೆನ್ ಇಲ್ಲದಾಗ ಪ್ರತಿಕಾಯಗಳು ಇಳಿಯುತ್ತವೆ, ಕರುಳೂ ಮಾಯತೊಡಗುತ್ತದೆ. ಪರೀಕ್ಷೆಯ ಕೈಗೆ ರೋಗ ಸಿಕ್ಕದೆ ಹೋಗಬಹುದು. ಆಮೇಲೆ ನಿಜ ತಿಳಿಯಬೇಕಾದರೆ ಅದೇ ಗೋಧಿಯನ್ನು ವಾರಗಟ್ಟಲೆ ಮತ್ತೆ ತಿನ್ನಿಸಬೇಕು. ಸುಧಾರಿಸುತ್ತಿದ್ದ ಮಗುವಿಗೆ ಅದೆಂಥ ಶಿಕ್ಷೆ! ಆದುದರಿಂದ ರಕ್ತ ಕೊಟ್ಟು, ಎಂಡೊಸ್ಕೋಪಿ ಬೇಕಾದರೆ ಅದೂ ಮುಗಿಯುವವರೆಗೆ ಚಪಾತಿ ಎಂದಿನಂತೆ ನಡೆಯಲಿ.

ರೋಗ ಖಚಿತವಾದ ಮೇಲೆ ಪಥ್ಯ ಜೀವನಪರ್ಯಂತ. ಅಕ್ಕಿ, ರಾಗಿ, ಜೋಳಗಳಿರುವ ನಮ್ಮ ಅಡುಗೆಗೆ ಇದು ಅಷ್ಟೇನೂ ದುಸ್ಸಾಧ್ಯವಲ್ಲ. ಉಪ್ಪಿಟ್ಟಿನ ರವೆಯೂ ಗೋಧಿಯೇ ಎಂಬುದನ್ನು ಮರೆಯುವವರಿದ್ದಾರೆ. ಅಂಗಡಿಯ ಇಂಗಿನ ಡಬ್ಬಿಯಲ್ಲೂ ಎಷ್ಟೋ ಸಲ ಗೋಧಿಹಿಟ್ಟು ಬೆರೆತಿರುತ್ತದೆ. ಚೀಟಿ ಓದಿ ಕೊಳ್ಳಬೇಕು. ಒಡಹುಟ್ಟಿದವರ ಮತ್ತು ತಂದೆತಾಯಿಯರ ರಕ್ತವನ್ನೂ ಪರೀಕ್ಷಿಸುವುದು ಅವಶ್ಯ. ಏನೂ ತೊಂದರೆ ಇಲ್ಲವೆನ್ನುವವರಲ್ಲಿಯೂ ರೋಗ ಅಡಗಿರುವುದುಂಟು.