ಮಕ್ಕಳ ಓದಿನ ಬಳಗಕ್ಕೆ ವಾರಕ್ಕೊಂದು ಗಂಟೆ



ಸಂಘದಲ್ಲಿ ಕೊಡುವ ಹಾಲಿನ ಚೀಟಿಯಲ್ಲಿ ಜಿಡ್ಡು, ಎಸ್‌ಎನ್‌ಎಫ್‌, ದರ ಎಷ್ಟಿದೆ ಎಂದು ಹಲವು ತಾಯಂದಿರು ಮಕ್ಕಳಿಂದಲೇ ಓದಿಸಿಕೊಳ್ಳುತ್ತಾರೆ. ಔಷಧಿ ಬಾಟಲಿಯ ಮೇಲಿನ ದಿನಾಂಕ, ರಾಸು ವಿಮೆಯ ಷರತ್ತು ಓದಿ ಹೇಳುವವರೂ ಅವರೇ. ಶಾಲೆಯಲ್ಲಿ ಮಗು ಅಕ್ಷರ ಕಲಿಯುತ್ತದೆ. ಆದರೆ ತಡವರಿಸದೆ ಓದಿ, ಅರ್ಥ ಮಾಡಿಕೊಂಡು ಹೇಳಲು ಪಠ್ಯದಾಚೆಯ ಓದಿನ ಅಭ್ಯಾಸ ಬೇಕು. ಅದಕ್ಕೆ ಊರಿನ ಗ್ರಂಥಾಲಯವೇ ಸರಿಯಾದ ಜಾಗ.

ಗ್ರಂಥಾಲಯ ನಮ್ಮದೇ

ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ‘ಅರಿವು ಕೇಂದ್ರ’ಗಳಾಗಿವೆ. 2020ರ ಮಕ್ಕಳ ದಿನಾಚರಣೆಯಂದು ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದಡಿ 6ರಿಂದ 18 ವರ್ಷದ ಮಕ್ಕಳಿಗೆ ಇಲ್ಲಿ ಸದಸ್ಯತ್ವ ಉಚಿತ. ಶಿವಮೊಗ್ಗ, ಭದ್ರಾವತಿ ಪೇಟೆಯಂಚಿನಲ್ಲಿ ಹಸು ಸಾಕುವವರಿಗೆ ಸಾರ್ವಜನಿಕ ಗ್ರಂಥಾಲಯ ಇಲಾಖೆಯ ಗ್ರಂಥಾಲಯಗಳಿವೆ. ಮನೆ ಕಂದಾಯದ ಜೊತೆ ಗ್ರಂಥಾಲಯ ಕರವನ್ನೂ ಕಟ್ಟುತ್ತೇವೆ. ಆದ್ದರಿಂದ ಹೋಗಿ ಕೇಳಲು ಸಂಕೋಚ ಬೇಡ.

ಶುರು ಮಾಡುವುದು ಹೇಗೆ?

1. ಹಾಲು ಹಾಕಲು ಬಂದಾಗ ಮೂರ್ನಾಲ್ಕು ತಾಯಂದಿರು ಮಾತಾಡಿಕೊಳ್ಳಿ. ಎಂಟು-ಹತ್ತು ಮಕ್ಕಳಿದ್ದರೆ ಸಾಕು.

2. ಗ್ರಂಥಾಲಯದ ಮೇಲ್ವಿಚಾರಕರನ್ನು ಕಂಡು, ವಾರದಲ್ಲಿ ಒಂದು ದಿನ, ಒಂದು ಗಂಟೆ ಗೊತ್ತು ಮಾಡಿ. ಆ ಹೊತ್ತು ತಪ್ಪಬಾರದು.

3. ಮೊದಲು ದೊಡ್ಡವರೊಬ್ಬರು ಕಥೆ ಓದಿ ಹೇಳಲಿ. ಬಳಿಕ ಐದನೇ ತರಗತಿಯ ಮಗು ಒಂದನೇ ತರಗತಿಯ ಮಗುವಿನ ಜೊತೆ ಕೂತು ಓದಲಿ. ಕೊನೆಗೆ ಒಂದೊಂದು ಪುಸ್ತಕ ಮನೆಗೆ ಹೋಗಲಿ.

4. ಪುಸ್ತಕ ಕಡಿಮೆ ಎನಿಸಿದರೆ, ಪ್ರಥಮ್ ಬುಕ್ಸ್ ಸಂಸ್ಥೆಯ ‘ಸ್ಟೋರಿವೀವರ್’ ತಾಣದಲ್ಲಿ ಕನ್ನಡದ ಚಿತ್ರಕಥೆಗಳು ಮೊಬೈಲಿನಲ್ಲೇ ಉಚಿತವಾಗಿ ಸಿಗುತ್ತವೆ. ನಮ್ಮ ಜಿಲ್ಲೆಯವರೇ ಆದ ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ ಜೋರಾಗಿ ಓದಲು ಹೇಳಿ ಮಾಡಿಸಿದ ಪುಸ್ತಕ.

ಹೊತ್ತು ಯಾವುದು?

ಇದನ್ನು ನೇರವಾಗಿ ಹೇಳಬೇಕು. ಸಂಜೆ ಐದಕ್ಕೆ ಬಳಗ ಇಟ್ಟರೆ ಗಂಡುಮಕ್ಕಳು ಬರುತ್ತಾರೆ. ಹೆಣ್ಣುಮಕ್ಕಳು ಸಗಣಿ ಬಾಚುತ್ತ, ಹುಲ್ಲು ಹಾಕುತ್ತ ಕೊಟ್ಟಿಗೆಯಲ್ಲೇ ಉಳಿಯುತ್ತಾರೆ. ಬೆಳಗಿನ ಹಾಲು ಹಾಕಿ, ಕೊಟ್ಟಿಗೆ ತೊಳೆದು ಮುಗಿಯುವ ಹತ್ತು ಗಂಟೆ ಒಳ್ಳೆಯದು. ಗ್ರಂಥಾಲಯ ತೆರೆದಿದ್ದರೆ ಭಾನುವಾರ, ಇಲ್ಲವೇ ಶನಿವಾರ ಮಧ್ಯಾಹ್ನ ಇಟ್ಟುಕೊಳ್ಳಿ. ಆಗಲೂ ಕೆಲಸ ಉಳಿದಿದ್ದರೆ ಆ ಒಂದು ಗಂಟೆ ಅಣ್ಣನೋ ಅಪ್ಪನೋ ಮಾಡಲಿ.

ಓದು ಬಾರದ ತಾಯಿ ಏನು ಮಾಡಬಹುದು?

ಹಾಲು ಕರೆಯುವಾಗ ಮಗು ಪಕ್ಕದಲ್ಲಿ ಕೂತು ಓದಲಿ. ಕೆಚ್ಚಲು ತೊಳೆದು ಒರೆಸಿದ ಮೇಲೆ ಹಾಲು ಇಳಿಯುವ ಅವಧಿ ಕೆಲವೇ ನಿಮಿಷ. ಒಂದು ಚಿತ್ರಕಥೆ ಮುಗಿಯಲು ಅಷ್ಟು ಸಾಕು. ಗದ್ದಲ, ಬೈಗುಳಕ್ಕೆ ಬೆದರಿದ ಹಸು ಸರಿಯಾಗಿ ಹಾಲು ಇಳಿಸುವುದಿಲ್ಲ, ಮೆಲುದನಿಯ ಓದಿಗೆ ಅದರ ತಕರಾರಿಲ್ಲ. ನೀವು “ಆಮೇಲೆ ಏನಾಯ್ತು?” ಎಂದು ಕೇಳಿದರಾಯಿತು. ಉತ್ತರ ಹೇಳಬೇಕಾದ ಮಗು ಅರ್ಥ ಮಾಡಿಕೊಂಡೇ ಓದುತ್ತದೆ.

ಬಳಗಕ್ಕೊಂದು ಹಾಜರಿ ಪುಸ್ತಕ ಇಡಿ. ಹಸು ಎರಡು ಹೊತ್ತು ಮೇವು ಬಿಟ್ಟರೆ ನಮಗೆ ಫೋನ್ ಮಾಡುತ್ತೀರಿ. ಹಾಗೆಯೇ, ಒಬ್ಬ ಹುಡುಗಿ ಎರಡು ವಾರ ಬರದಿದ್ದರೆ ಅವಳ ಮನೆಗೆ ಹೋಗಿ ವಿಚಾರಿಸಿ ಬನ್ನಿ.

– ಪಶುವೈದ್ಯಾಧಿಕಾರಿ